ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ: ಯಾರ ಮಾತು ಹಿಡಿಯಲಿ?

ಮೂರನೇಗಂಟೆ ಕೇಳಿದ್ದು:

ಬಹಳ ಕಾಲದಿಂದ ಇಲ್ಲಿ ಬರೀ ಓದುತ್ತಿದ್ದವಳು, ಇಂದು ಮೊದಲ ಬಾರಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ವಯಸ್ಸು 34. ರಂಗದ ಮೇಲೆ ಒಂಬತ್ತು ವರ್ಷ ಕಳೆದಿದ್ದೇನೆ. ಎರಡು ವರ್ಷಗಳಿಂದ ಕ್ಯಾಮೆರಾ ಮುಂದಿನ ಪಾತ್ರಗಳಿಗೂ ಆಡಿಷನ್ ಕೊಡುತ್ತಿದ್ದೇನೆ. ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ: ದಿನಾಂಕ, ಪಾತ್ರ, ತೊಟ್ಟಿದ್ದ ಬಟ್ಟೆ, ಅವರು ಏನೆಂದರು. ಕಳೆದ ವಾರ 41ನೇ ಸಾಲು ಬರೆದೆ. ಆಯ್ಕೆಯಾದದ್ದು ಮೂರು ಸಲ. ಅದರಲ್ಲಿ ಒಂದು ಚಿತ್ರೀಕರಣಕ್ಕೆ ಮೊದಲೇ ನಿಂತುಹೋಯಿತು. 'ಏನೆಂದರು' ಎಂಬ ಕಾಲಂ ಬಹುಪಾಲು ಖಾಲಿ. "ತಿಳಿಸುತ್ತೇವೆ" ಎಂದದ್ದನ್ನು ಮೊದಮೊದಲು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದೆ. ಈಗ ಒಂದು ಅಡ್ಡಗೆರೆ ಎಳೆದು ಸುಮ್ಮನಾಗುತ್ತೇನೆ.

ಇಲ್ಲ ಎನ್ನಿಸಿಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಆಗಿಲ್ಲ. ಎರಡು ದಿನ ಊಟ ರುಚಿಸುವುದಿಲ್ಲ, ಮೂರನೆಯ ದಿನ ಎದ್ದು ಕೂರುತ್ತೇನೆ. ಅದಕ್ಕೆ ನಾನೇ ದಾರಿ ಕಂಡುಕೊಂಡಿದ್ದೇನೆ. ನನ್ನನ್ನು ಕೆಡಿಸಿರುವುದು ಖಾಲಿ ಬಿಟ್ಟ ಸಾಲುಗಳಲ್ಲ, ತುಂಬಿದ ಎರಡು ಸಾಲುಗಳು.

ನನ್ನ ಬಳಿ ಒಂದೂವರೆ ನಿಮಿಷದ ಸ್ವಗತವಿದೆ, ನಾನೇ ಬರೆದುಕೊಂಡದ್ದು. ಹನ್ನೆರಡು ವರ್ಷ ಸುಳಿವಿಲ್ಲದೆ ಹೋಗಿದ್ದ ಅಣ್ಣ ಬಾಗಿಲಲ್ಲಿ ಬಂದು ನಿಂತಿದ್ದಾನೆ, ತಂಗಿ ಮಾತನಾಡುತ್ತಾಳೆ. ಹತ್ತು ದಿನಗಳ ಅಂತರದಲ್ಲಿ ಇದನ್ನು ಎರಡು ಕಡೆ ಮಾಡಿದೆ. ಬಟ್ಟೆ ಅದೇ, ಮಾತು ಅದೇ, ನಾನೂ ಅವಳೇ. ಮೊದಲ ಕಡೆ ಕಾಸ್ಟಿಂಗ್, ಅಂದರೆ ನಟರ ಆಯ್ಕೆ, ನೋಡಿಕೊಳ್ಳುವಾಕೆ, "ಒಳಗೆ ಏನೋ ನಡೆಯುತ್ತಿದೆ, ನಮ್ಮವರೆಗೆ ಬರುತ್ತಿಲ್ಲ. ಕಡಿಮೆಯಾಯಿತು" ಎಂದರು. ಎರಡನೆಯ ಕಡೆ ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾಟಕ ಜಾಸ್ತಿಯಾಯಿತು, ಇದು ಕ್ಯಾಮೆರಾ ಅಮ್ಮಾ" ಎಂದರು. ಆ 'ಅಮ್ಮಾ'ದಲ್ಲಿ ಎಷ್ಟು ಕರುಣೆ ತುಂಬಿತ್ತೆಂದರೆ, ಬೈದಿದ್ದರೆ ವಾಸಿಯಿತ್ತು ಅನ್ನಿಸಿತು.

ಅಂದಿನಿಂದ ಅಭ್ಯಾಸಕ್ಕೆ ನಿಂತರೆ ಇಬ್ಬರೂ ಬಂದು ಎದುರು ಕೂರುತ್ತಾರೆ. ಮೊದಲ ವಾಕ್ಯಕ್ಕೆ ಆಕೆ ತಲೆ ಆಡಿಸುತ್ತಾರೆ, ಎರಡನೆಯದಕ್ಕೆ ಈತ ಕನ್ನಡಕ ತೆಗೆಯುತ್ತಾರೆ. ನಿನ್ನೆ ಒಂದು ಸೆಲ್ಫ್ ಟೇಪ್ (ನಾವೇ ಚಿತ್ರೀಕರಿಸಿ ಕಳಿಸುವ ಆಡಿಷನ್) ಕಳಿಸಬೇಕಿತ್ತು. 26 ಸಲ ಚಿತ್ರೀಕರಿಸಿದೆ. ರಾತ್ರಿ ಹನ್ನೆರಡಕ್ಕೆ ಗಡುವು ಮುಗಿಯಿತು, ಒಂದನ್ನೂ ಕಳಿಸಲಿಲ್ಲ. 41 ಸಾಲುಗಳಲ್ಲಿ ಹೀಗೆ ಎಂದೂ ಆಗಿರಲಿಲ್ಲ.

ಇಂಥ ಎರಡು ಮಾತುಗಳನ್ನು ನೀವು ಏನು ಮಾಡುತ್ತೀರಿ? ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತೀರಾ? ಎರಡನ್ನೂ ಬಿಡುತ್ತೀರಾ? "ನಿನ್ನ ಮೇಲೆ ನಂಬಿಕೆಯಿಡು" ಎಂದು ದಯವಿಟ್ಟು ಬರೆಯಬೇಡಿ. ಅದನ್ನು ನನ್ನ ಚಿಕ್ಕಮ್ಮ ದಿನವೂ ಕಳಿಸುತ್ತಾರೆ, ಹೂವಿನ ಚಿತ್ರದ ಜೊತೆ.

ಕತ್ತಲೆಮೂಲೆ ಬರೆದದ್ದು:

ಉತ್ತರವಿಲ್ಲ, ಬರೀ ಸಂತಾಪ. ನನಗೆ ಒಂದೇ ಕೊಠಡಿಯಲ್ಲಿ, ಒಂದೇ ಮೇಜಿನ ಹಿಂದೆ ಕುಳಿತ ಇಬ್ಬರು ಒಂದೇ ನಿಮಿಷದಲ್ಲಿ ಹೀಗೆ ಹೇಳಿದರು. ಆಮೇಲೆ ಅವರಿಬ್ಬರೇ ಜಗಳಕ್ಕೆ ಬಿದ್ದರು. ನಾನು ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೊರಬಂದೆ.

ಎದುರುಸಾಲು ಬರೆದದ್ದು:

ಮೂರನೇಗಂಟೆ ಅವರೇ, ನಾನು ನಟನಲ್ಲ. ಆಡಿಷನ್ ಕೊಠಡಿಯಲ್ಲಿ ಕ್ಯಾಮೆರಾದ ಪಕ್ಕದ ಕುರ್ಚಿಯಲ್ಲಿ ಕುಳಿತು ಎದುರು ಪಾತ್ರದ ಮಾತು ಓದುವವನು. ನೀವು ಅಳುತ್ತೀರಿ, ನಾನು ಹಾಳೆ ನೋಡಿಕೊಂಡು "ನಾನು ಹೊರಟೆ" ಎನ್ನುತ್ತೇನೆ. ನಾಲ್ಕು ವರ್ಷ ಅದೇ ಕೆಲಸ ಮಾಡಿದೆ. ಆ ಕುರ್ಚಿಯಿಂದ ಕಂಡದ್ದನ್ನು ಹೇಳುತ್ತೇನೆ.

ಒಂದು ದಿನಕ್ಕೆ ಐವತ್ತು, ಅರವತ್ತು ಜನ ಬರುತ್ತಿದ್ದರು. ಮೇಜಿನ ಹಿಂದೆ ಇದ್ದವರ ಹಾಳೆಯಲ್ಲಿ ಹೆಸರಿನ ಮುಂದೆ ಏನು ಬರೆಯುತ್ತಿದ್ದರು ಗೊತ್ತೇ? "ಎತ್ತರ." "ಧ್ವನಿ ಆ ಇನ್ನೊಬ್ಬಳದ್ದೇ." "ಮುಂದಿನ ತಿಂಗಳು ಬಿಡುವಿಲ್ಲವಂತೆ." ಒಮ್ಮೆ ಒಬ್ಬಾಕೆ ಬಂದರು. ಅವರು ಮಾಡುತ್ತಿದ್ದಷ್ಟು ಹೊತ್ತು ಯಾರ ಪೆನ್ನೂ ಓಡಲಿಲ್ಲ. ನಾನು ನನ್ನ ಸಾಲು ಓದುವುದನ್ನೇ ಮರೆತೆ, ಅವರು ಕಾದರು, ಆ ಕಾಯುವಿಕೆಯನ್ನೂ ಪಾತ್ರದೊಳಗೆ ತೆಗೆದುಕೊಂಡರು. ಹೊರಗೆ ಹೋದ ಮೇಲೆ ಕೊಠಡಿಯಲ್ಲಿ ಮಾತಿಲ್ಲ. ಕೊನೆಗೆ ಒಬ್ಬರು, "ತಾಯಿಯ ಪಾತ್ರ ಈಗಾಗಲೇ ಗೊತ್ತಾಗಿದೆಯಲ್ಲ, ಈಕೆ ಅವರಿಗೆ ಅಕ್ಕನ ಹಾಗೆ ಕಾಣುತ್ತಾರೆ" ಎಂದರು. ಮುಗಿಯಿತು. ಆಕೆಗೆ ಹೋದ ಉತ್ತರ, "ತಿಳಿಸುತ್ತೇವೆ." ಅವರ ನೋಟ್‌ಬುಕ್ಕಿನಲ್ಲೂ ಅಂದು ಅಡ್ಡಗೆರೆಯೇ ಬಿದ್ದಿರಬೇಕು.

ಇನ್ನು ಆ ಕೊಠಡಿಯಲ್ಲಿ ಬಾಯಿಬಿಟ್ಟು ಹೇಳುವ ಮಾತು. ಅದರಲ್ಲಿ ಅರ್ಧಕ್ಕರ್ಧ ನಿಮ್ಮನ್ನು ಮರ್ಯಾದೆಯಿಂದ ಬಾಗಿಲವರೆಗೆ ಬಿಟ್ಟುಬರುವ ಮಾತು. ಬೇಡ ಎಂದು ತೀರ್ಮಾನ ಮೊದಲೇ ಆಗಿರುತ್ತದೆ, ಕಾರಣ ಆಮೇಲೆ ಹುಡುಕುತ್ತಾರೆ. ಆಗ ನಾಲಿಗೆಗೆ ಸುಲಭವಾಗಿ ಸಿಗುವುದು 'ಕಡಿಮೆ', 'ಜಾಸ್ತಿ'.

ನಾನು ನಂಬುವ ಮಾತು ಒಂದೇ: "ಇನ್ನೊಮ್ಮೆ ಮಾಡಿ, ಈ ಸಲ ನಗುತ್ತಾ ಹೇಳಿ." ಬೇಡವಾದವರ ಮೇಲೆ ಯಾರೂ ಇನ್ನೆರಡು ನಿಮಿಷ ಕಳೆಯುವುದಿಲ್ಲ. ಮೊದಲ ಸಲದ್ದು ತಪ್ಪು ಎಂದು ಅದರ ಅರ್ಥವಲ್ಲ. ಹೇಳಿದರೆ ಬದಲಾಗುತ್ತೀರಾ ಎಂದು ನೋಡುತ್ತಾರೆ. ಹೆಚ್ಚಿನವರು ಗಾಬರಿಯಾಗಿ ಅದನ್ನೇ ಇನ್ನಷ್ಟು ಜೋರಾಗಿ ಮಾಡಿ ಹೋಗುತ್ತಾರೆ. ಅಸಂಬದ್ಧವಾದರೂ ಚಿಂತೆಯಿಲ್ಲ, ಪೂರ್ತಿ ಬೇರೆ ಮಾಡಿದವರು ನಮ್ಮ ನೆನಪಿನಲ್ಲಿ ಉಳಿಯುತ್ತಿದ್ದರು. ನಿಮ್ಮ ನೋಟ್‌ಬುಕ್ಕಿಗೆ ಇನ್ನೊಂದು ಕಾಲಂ ಹಾಕಿ: ಇನ್ನೊಮ್ಮೆ ಮಾಡಿಸಿದರೇ?

26 ಟೇಕ್ ಬಗ್ಗೆ: ನಾನಿದ್ದ ಕಡೆ ಟೇಪುಗಳ ಮೊದಲ ಇಪ್ಪತ್ತು ಸೆಕೆಂಡು ನೋಡಿ ಮುಂದೆ ನೋಡುವುದೋ ಬೇಡವೋ ಎಂದು ನಿರ್ಧರಿಸುತ್ತಿದ್ದರು. ನೀವು 26ರಲ್ಲಿ ಹುಡುಕುತ್ತಿದ್ದ ಸೂಕ್ಷ್ಮ ಬಹುಶಃ ಒಂದು ನಿಮಿಷ ಕಳೆದ ಮೇಲಿತ್ತು. ಮೂರು ತೆಗೆಯಿರಿ, ಒಂದು ಕಳಿಸಿ. ಎದುರು ಮಾತು ಓದುವವರನ್ನು ಲೆನ್ಸಿಗೆ ತಾಗಿದಂತೆ, ನಿಮ್ಮ ಕಣ್ಣಿನ ಮಟ್ಟಕ್ಕೆ ಕೂರಿಸಿ. ಗೋಡೆಗೆ ಅಂಟಿಸಿದ ಚೀಟಿಗೆ ಪ್ರೀತಿ ತೋರಿಸುವುದು ದೊಡ್ಡ ನಟರಿಗೂ ಕಷ್ಟ.

ಪರದೆಯಾಚೆ ಬರೆದದ್ದು:

ನಾನು ಪಿಟೀಲು ನುಡಿಸುವವನು, ಹಾಗಾಗಿ ಅಕ್ಕನ ಹಾಗೆ ಕಂಡೆ ಎಂದು ಯಾರೂ ನನ್ನನ್ನು ಕೈಬಿಟ್ಟಿಲ್ಲ. ಕಾಣುವುದೇ ಇಲ್ಲವಲ್ಲ. ಪಾಶ್ಚಾತ್ಯ ವಾದ್ಯವೃಂದಗಳ ಆಡಿಷನ್‌ಗಳಲ್ಲಿ ಅಭ್ಯರ್ಥಿಗೂ ತೀರ್ಪುಗಾರರಿಗೂ ನಡುವೆ ಪರದೆ ಕಟ್ಟುವುದುಂಟು. ಬೋಸ್ಟನ್ ಸಿಂಫನಿ ಆರ್ಕೆಸ್ಟ್ರಾ ಇದನ್ನು 1952ರಲ್ಲೇ ಮಾಡಿತು. ನಡೆದು ಬರುವ ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ಗೊತ್ತಾಗಬಾರದೆಂದು ಕೆಲವು ಕಡೆ ನೆಲಕ್ಕೆ ಕಾರ್ಪೆಟ್ ಹಾಸುತ್ತಾರೆ. ನಾನು ಅಂಥ ಕಾರ್ಪೆಟ್ ಮೇಲೆ ಆರು ಸಲ ನಡೆದಿದ್ದೇನೆ, ಆರು ಸಲವೂ ಅದೇ ಕಾರ್ಪೆಟ್ ಮೇಲೆ ವಾಪಸು ಬಂದಿದ್ದೇನೆ.

ಪರದೆ ಯಾಕೆ ಬೇಕು ಎನ್ನುವುದಕ್ಕೆ 2013ರ ಒಂದು ಪ್ರಯೋಗವಿದೆ. ಚಿಯಾ-ಜಂಗ್ ತ್ಸೈ ಎಂಬ ಸಂಶೋಧಕಿ ಸಂಗೀತ ಸ್ಪರ್ಧೆಗಳ ತುಣುಕುಗಳನ್ನು ಕೊಟ್ಟು, ಗೆದ್ದವರು ಯಾರು ಎಂದು ಊಹಿಸಲು ಹೇಳಿದರು. ಧ್ವನಿ ಮಾತ್ರ ಕೇಳಿದವರಿಗಿಂತ ಧ್ವನಿಯಿಲ್ಲದ ವಿಡಿಯೊ ನೋಡಿದವರೇ ಹೆಚ್ಚು ಸರಿಯಾಗಿ ಊಹಿಸಿದರು. ಸಂಗೀತಗಾರರೂ ಹಾಗೆಯೇ! ಇದನ್ನು ಓದಿದ ದಿನ ನಾನು ಪಿಟೀಲನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ.

ಪರದೆ ಕಟ್ಟಿದರೂ ಎಲ್ಲ ಸಮವಾಗುವುದಿಲ್ಲ, ಸರದಿ ಎಂಬುದು ಉಳಿದೇ ಇರುತ್ತದೆ. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಪರದೆಯಿಲ್ಲ, ಆದರೆ ಯಾರು ಯಾವಾಗ ನುಡಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅದರ ಪಿಯಾನೊ ಫಲಿತಾಂಶಗಳನ್ನು ಪರಿಶೀಲಿಸಿ 2003ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಲೇಖನದ ಪ್ರಕಾರ, ಮೊದಲ ದಿನ ನುಡಿಸಿದವರು ಕೆಳಗಿನ ಸ್ಥಾನಕ್ಕೆ ಬೀಳುವ ಸಾಧ್ಯತೆ ಹೆಚ್ಚು. ಅದಕ್ಕೇ ಕೇಳುತ್ತೇನೆ: ಕಡಿಮೆ ಎಂದವರ ಕಡೆ ನಿಮ್ಮ ಸರದಿ ಎಷ್ಟನೆಯದು? ನಿಮಗೆ ಮೊದಲು ಒಳಗೆ ಹೋದವರು ಯಾರು, ಅವರು ಕಿರುಚಿ ಬಂದರೇ, ಪಿಸುಗುಟ್ಟಿ ಬಂದರೇ? 'ಕಡಿಮೆ' ಎನ್ನುವುದು ಯಾವುದಕ್ಕೆ ಹೋಲಿಸಿ?

ನಡುಕದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನನ್ನ ಬಲಗೈಯಲ್ಲಿ ಕಮಾನು ಕುಣಿಯುತ್ತದೆ. ನಿಧಾನದ ಉದ್ದ ಸ್ವರದಲ್ಲಿ ಅದನ್ನು ಮುಚ್ಚಿಡಲಾಗದು. ಗೆಳೆಯರು ಪ್ರೊಪ್ರನೊಲಾಲ್ ನುಂಗು ಎಂದರು. ಹೃದಯದ ತೊಂದರೆಗೆಂದು 1960ರ ದಶಕದಲ್ಲಿ ಬಂದ ಗುಳಿಗೆ ಅದು, ಎದೆಬಡಿತವನ್ನೂ ಕೈನಡುಕವನ್ನೂ ತಗ್ಗಿಸುತ್ತದೆ. ವಾದ್ಯಗಾರರಲ್ಲಿ ಇದರ ಬಳಕೆ ಗುಟ್ಟೇನಲ್ಲ. ನನಗೆ ಆಸ್ತಮಾ ಇದೆ ಎಂದ ತಕ್ಷಣ ವೈದ್ಯರು ಅದರ ಹೆಸರೆತ್ತಬೇಡಿ ಎಂದರು, ಆಸ್ತಮಾ ಇದ್ದವರ ಉಸಿರನ್ನು ಅದು ಕಟ್ಟಿಸಬಲ್ಲದು. ಯಾರೋ ಕೊಟ್ಟರೆಂದು ಬಾಯಿಗೆ ಹಾಕಿಕೊಳ್ಳಬೇಡಿ. ನಾನು ಈಗ ಮಾಡುವುದು ಇಷ್ಟೇ: ಮೂರು ಮಹಡಿ ಮೆಟ್ಟಿಲು ಓಡಿ ಹತ್ತಿ, ಏದುಸಿರು ಇರುವಾಗಲೇ ಪಿಟೀಲು ಎತ್ತಿ ಆ ಉದ್ದ ಸ್ವರವನ್ನೇ ನುಡಿಸುತ್ತೇನೆ. ಕಮಾನು ಈಗಲೂ ಕುಣಿಯುತ್ತದೆ. ಆದರೆ ಅದು ಎಲ್ಲಿ ಕುಣಿಯಲು ಶುರುಮಾಡುತ್ತದೆ ಎಂದು ನನಗೆ ಮೊದಲೇ ಗೊತ್ತಿರುತ್ತದೆ.

ಒರಟುಮಾತು ಬರೆದದ್ದು:

ಎಲ್ಲರೂ ಸೇರಿ ಈಕೆಗೆ ಚೆನ್ನಾಗಿ ಸಮಾಧಾನ ಹೇಳಿದ್ದೀರಿ. ಎತ್ತರ, ಸರದಿ, ಅಕ್ಕನ ಮುಖ. ಎಲ್ಲ ನಿಜ. ಆದರೆ 41ರಲ್ಲಿ ಆಯ್ಕೆಯಾಗದ 38 ಸಲವೂ ಎತ್ತರದ್ದೇ ತಪ್ಪಾಗಿರುವುದಿಲ್ಲ. ನಾನು ಮೂವತ್ತು ವರ್ಷದಿಂದ ನಟರಿಗೆ ಪಾಠ ಹೇಳುತ್ತಿದ್ದೇನೆ, ಸಮಾಧಾನದಿಂದ ಸುಧಾರಿಸಿದವರನ್ನು ಕಂಡಿಲ್ಲ.

ತಾಯೀ, ಒಬ್ಬ ರೋಗಿ ಚಳಿ ಎನ್ನುತ್ತಾನೆ, ಅವನ ಮೈ ಮುಟ್ಟಿದವನು ಬೆಂಕಿ ಎನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತು ಹಿಡಿಯಲಿ ಎಂದು ವೈದ್ಯ ಕೂತು ಯೋಚಿಸುವುದಿಲ್ಲ. ಜ್ವರ ಎನ್ನುತ್ತಾನೆ. ನಿಮಗೆ ಬಂದ ಎರಡು ಮಾತು ಒಂದಕ್ಕೊಂದು ವಿರುದ್ಧ ಎಂದು ನೀವೇ ತೀರ್ಮಾನಿಸಿಬಿಟ್ಟಿದ್ದೀರಿ. ಒಂದೇ ದೋಷದ ಎರಡು ಬದಿ ಇರಬಹುದು. ನೋಡುವವನಿಗೆ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಏನು ತಪ್ಪಿದೆ ಎಂದು ಹೇಳಲು ಬರುವುದಿಲ್ಲ. ಅದನ್ನು ಹುಡುಕುವುದು ಅವನ ಕೆಲಸವೂ ಅಲ್ಲ. ಅವರ ಕಿರಿಕಿರಿಯನ್ನು ನಂಬಿ, ಅವರು ಕೊಟ್ಟ ಹೆಸರನ್ನು ನಂಬಬೇಡಿ.

ಇನ್ನೊಂದು. ಕ್ಲೂಗರ್ ಮತ್ತು ಡಿನಿಸಿ ಎಂಬಿಬ್ಬರು 1996ರಲ್ಲಿ, ಪ್ರತಿಕ್ರಿಯೆ ಕೊಟ್ಟರೆ ಕೆಲಸ ಸುಧಾರಿಸುತ್ತದೆಯೇ ಎಂದು ಅಲ್ಲಿಯವರೆಗಿನ ಅಧ್ಯಯನಗಳ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ರಾಶಿ ಹಾಕಿ ನೋಡಿದರು. ಸರಾಸರಿಯಲ್ಲಿ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹದಗೆಟ್ಟಿತ್ತು! ಗಮನ ಕೆಲಸವನ್ನು ಬಿಟ್ಟು 'ನಾನು ಎಂಥವಳು' ಎಂಬ ಕಡೆ ಹೊರಳಿದಷ್ಟೂ ಪ್ರತಿಕ್ರಿಯೆಯ ಉಪಯೋಗ ಕುಗ್ಗುತ್ತದೆ ಎಂಬುದು ಅವರ ವಾದ. ನಿಮ್ಮ ಕನ್ನಡಕದ ನಿರ್ದೇಶಕರ ಮಾತಿನಲ್ಲಿ 'ಜಾಸ್ತಿ' ಎಂಬ ಪದ ಎಲ್ಲಿ ಜಾಸ್ತಿ ಎಂದು ಹೇಳುವುದಿಲ್ಲ. ನಿಮ್ಮ ಕಿವಿಯಲ್ಲಿ ಉಳಿದದ್ದು 'ಅಮ್ಮಾ'. ಅದಕ್ಕೇ 26 ಟೇಕ್.

ಯಾರನ್ನಾದರೂ ಕೇಳುವುದಾದರೆ "ಹೇಗಿತ್ತು" ಎಂದು ಕೇಳಬೇಡಿ. "ಚೆನ್ನಾಗಿತ್ತು" ಎಂಬ ಉತ್ತರಕ್ಕೆ ಯೋಗ್ಯವಾದ ಪ್ರಶ್ನೆ ಅದು. "ನಿಮ್ಮ ಗಮನ ಎಲ್ಲಿ ತಪ್ಪಿತು" ಎಂದು ಕೇಳಿ. ಆ 26ರಲ್ಲಿ ಯಾವುದಾದರೂ ಒಂದನ್ನು ಒಮ್ಮೆ ಧ್ವನಿ ಆರಿಸಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಆಮೇಲೆ, ಕಥೆ ಗೊತ್ತಿಲ್ಲದ ಒಬ್ಬರನ್ನು ಕರೆದು ಕೇಳಿಸಿ, ಏನು ನಡೆಯಿತು ಎಂದು ಅವರಿಂದ ಹೇಳಿಸಿ. ನಟನೆಯ ಬಗ್ಗೆ ಅಭಿಪ್ರಾಯ ಕೇಳಬೇಡಿ. ಕಥೆ ಕೇಳಿ.

ಮೂರನೇಗಂಟೆ ಮರಳಿ ಬರೆದದ್ದು:

ಒರಟುಮಾತು ಅವರೇ, ನಿಮ್ಮ ಮೇಲೆ ಅರ್ಧ ದಿನ ಸಿಟ್ಟಿತ್ತು. ಆಮೇಲೆ 14ನೇ ಟೇಕ್ ತೆಗೆದು ಕೂತೆ.

ಧ್ವನಿ ಆರಿಸಿ ನೋಡಿದಾಗ ಪ್ರತಿ ವಾಕ್ಯದ ಕೊನೆಯಲ್ಲಿ ನನ್ನ ಗದ್ದ ಕೆಳಗಿಳಿಯುತ್ತದೆ, ಕಣ್ಣು ನೆಲಕ್ಕೆ ಬೀಳುತ್ತದೆ. ಒಂದೂವರೆ ನಿಮಿಷದಲ್ಲಿ ಹನ್ನೊಂದು ಸಲ. ಇಷ್ಟು ವರ್ಷ ಇದನ್ನು ಭಾವ ಎಂದುಕೊಂಡಿದ್ದೆ. ಉಳಿದದ್ದಕ್ಕೆ ತಂಗಿಯನ್ನು ಕರೆದೆ. ಅವಳಿಗೆ ಈ ಸ್ವಗತ ಗೊತ್ತಿಲ್ಲ. ಕಣ್ಣು ಮುಚ್ಚಿಸಿ ಕೇಳಿಸಿ, ಏನಾಯಿತು ಹೇಳು ಎಂದೆ.

"ಅಣ್ಣ ಬಂದ. ಇವಳು ಏನೇನೋ ಅಂದಳು. ಕೊನೆಗೆ ಅವನ ಹತ್ತಿರ ಕ್ಷಮೆ ಕೇಳಿದಳು" ಎಂದಳು.

ಕ್ಷಮೆ ಕೇಳಿದಳೇ! ಸ್ವಗತದ ಕೊನೆ ಹೀಗಿದೆ: "ನಿನ್ನನ್ನು ನಾನು ಕ್ಷಮಿಸಿಲ್ಲ. ಬಾಗಿಲನ್ನೂ ಹಾಕಿಲ್ಲ." ನಾನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದೆ. 'ನಿನ್ನನ್ನು' ಎನ್ನುವಾಗ ಗೋಡೆ ನಡುಗುತ್ತದೆ, 'ನಾನು' ಕೂಡ ಗಟ್ಟಿಯಾಗಿದೆ, ಆಮೇಲೆ "ಕ್ಷಮಿಸಿ" ಎಂದು ಕೇಳಿಸಿ ಉಳಿದದ್ದು ಗಂಟಲಲ್ಲೇ ಇಂಗುತ್ತದೆ. ನಮ್ಮ ಭಾಷೆಯಲ್ಲಿ ಮಾಡಿದೆನೋ ಮಾಡಲಿಲ್ಲವೋ ಎಂಬುದು ಗೊತ್ತಾಗುವುದೇ ವಾಕ್ಯದ ತುದಿಯಲ್ಲಿ. ನಾನು ಉಸಿರನ್ನೆಲ್ಲ ತಲೆಭಾಗಕ್ಕೆ ಸುರಿದು ತುದಿಯನ್ನು ನುಂಗುತ್ತಿದ್ದೆ. ತಲೆಭಾಗ ಕೇಳಿದವರಿಗೆ ಜಾಸ್ತಿ, ತುದಿಗೆ ಕಾದವರಿಗೆ ಕಡಿಮೆ. ಜ್ವರ ಒಂದೇ.

ರಂಗದಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ ಎಂದು ಯೋಚಿಸಿದೆ. ಅಲ್ಲಿ ತಿಂಗಳುಗಟ್ಟಲೆ ತಾಲೀಮು, ಎದುರಿನವರಿಗೆ ನನ್ನ ಮಾತು ಬಾಯಿಪಾಠ. ನಾನು ನುಂಗಿದ ಅಕ್ಷರವನ್ನು ಅವರ ಮುಖ ಪ್ರೇಕ್ಷಕರಿಗೆ ತಲುಪಿಸುತ್ತಿತ್ತು. ಒಂಬತ್ತು ವರ್ಷ ಅವರ ಸಾಲದಲ್ಲಿ ಬದುಕಿದ್ದೇನೆ.

ಪರದೆಯಾಚೆ ಅವರಿಗೆ: ನನಗೆ ಮೊದಲು ಹೋದವರು ಯಾರೆಂದು ನೆನಪಿಲ್ಲ, ಆದರೆ ಸಂಜೆ ಐದೂವರೆಯಾಗಿತ್ತು, ಮೇಜಿನ ಮೇಲೆ ಖಾಲಿ ಲೋಟಗಳು ಸಾಲಾಗಿದ್ದವು. ಮೆಟ್ಟಿಲು ಓಡಿ ಹತ್ತಿ ಸ್ವಗತ ಹೇಳಿ ನೋಡಿದೆ. ಏದುಸಿರಿನಲ್ಲಿ ತುದಿಗಳು ಒಂದೂ ಉಳಿಯಲಿಲ್ಲ. ಈಗ ದಿನವೂ ಅದೇ ಅಭ್ಯಾಸ, ಕೊನೆಯ ಪದದಿಂದ ಶುರುಮಾಡಿ ಹಿಂದಕ್ಕೆ.

ಎದುರುಸಾಲು ಅವರಿಗೆ: ಹೊಸ ಕಾಲಂ ಹಾಕಿದೆ. ನೆನಪಿದ್ದಷ್ಟು ತುಂಬಿದೆ. 41ರಲ್ಲಿ ಒಂಬತ್ತು ಕಡೆ ಇನ್ನೊಮ್ಮೆ ಮಾಡಿಸಿದ್ದರು. ನಾನು ಅವನ್ನೆಲ್ಲ ಸೋಲಿನ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಮೂರನೇಗಂಟೆ ಮತ್ತೆ ಬರೆದದ್ದು, ಮೂರು ವಾರದ ನಂತರ:

ಯಾರೋ ಖಾಸಗಿಯಾಗಿ ಕೇಳಿದ್ದರು, ಹಾಗಾಗಿ ಬರೆಯುತ್ತಿದ್ದೇನೆ. 42ನೇ ಸಾಲು ಆಯಿತು. ನಿಮ್ಮದೇ ಏನಾದರೂ ಮಾಡಿ ಎಂದರು, ಅಣ್ಣ ತಂಗಿಯದ್ದನ್ನೇ ಮಾಡಿದೆ. ಇನ್ನೊಮ್ಮೆ ಮಾಡಿಸಿದರು: ಈ ಸಲ ಅಣ್ಣ ಈಗಷ್ಟೇ ನಿಮ್ಮನ್ನು ನಗಿಸಿದ್ದಾನೆ ಎಂದುಕೊಳ್ಳಿ ಎಂದರು. ಮಧ್ಯದಲ್ಲಿ ಎಲ್ಲ ಗಲಿಬಿಲಿಯಾಯಿತು, ಒಂದು ವಾಕ್ಯ ಬಿಟ್ಟೇಬಿಟ್ಟೆ. "ಸರಿ, ತಿಳಿಸುತ್ತೇವೆ" ಎಂದರು. ಹದಿನಾರು ದಿನವಾಯಿತು, ಕರೆ ಬಂದಿಲ್ಲ. ಬರುತ್ತದೆ ಎಂದು ಅನ್ನಿಸುವುದೂ ಇಲ್ಲ. ಎರಡು ದಿನ ಊಟ ರುಚಿಸಲಿಲ್ಲ, ಅದರಲ್ಲಿ ಬದಲಾವಣೆಯಿಲ್ಲ.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ಕ್ಯಾಮೆರಾದ ಪಕ್ಕ ಹಾಳೆ ಹಿಡಿದು ಕೂತಿದ್ದ ಹುಡುಗ ನೀರು ತುಂಬಿಸಿಕೊಳ್ಳಲು ಬಾಟಲಿ ಹಿಡಿದು ಬಂದ. ಎರಡು ಹೆಜ್ಜೆ ದಾಟಿ ಹೋದವನು ತಿರುಗಿ ನಿಂತು ಕೇಳಿದ: "ಕ್ಷಮಿಸಿಲ್ಲ ಎಂದ ಮೇಲೆ ಬಾಗಿಲು ಯಾಕೆ ಹಾಕಲಿಲ್ಲ, ಅಕ್ಕಾ?"